ಬ್ಯಾಟರಿ ಕಿತ್ತ ಮೇಲೂ ಹೊಡೆದ ಶಾಕ್

ಪುಟ್ಟ ಟೆಸ್ಲಾ ಕಾಯಿಲ್ ಕಿಟ್ ಒಂದನ್ನ ತರಿಸಿದ್ದೆ, ಅಂದರೆ ತಂತಿಯ ಸುರುಳಿಯಿಂದ ವೋಲ್ಟೇಜ್ ಏರಿಸುವ ಕಿಟ್. ಪೊಟ್ಟಣ ಬಿಚ್ಚಿ ನೋಡಿದರೆ ಸುರುಳಿಯ ತಂತಿ ಒಳಗೇ ತುಂಡಾಗಿತ್ತು. ವಾಪಸ್ ಕಳಿಸುವ ಬದಲು ನಾನೇ ಸುತ್ತೋಣ ಅಂದುಕೊಂಡೆ. ಮಂಡ್ಯದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ, ಕಬ್ಬಿನ ಗದ್ದೆಗಳ ಪಂಪ್‌ಸೆಟ್ಟೆಲ್ಲ ಅಲ್ಲಿಗೇ ಬರೋದು. ಒಂದು ಅಂಗಡಿಗೆ ಹೋಗಿ ಸೀಲಿಂಗ್ ಫ್ಯಾನಿಗೆ ಸುತ್ತುವ 36 ಗೇಜ್ ತಾಮ್ರದ ತಂತಿ ಕೇಳಿದೆ. 50 ಗ್ರಾಂ ತೂಗಿ ಕೊಟ್ಟರು. ಯಾತಕ್ಕೆ ಅಂತ ಹೇಳಿದಾಗ ಅಂಗಡಿಯವರು ಒಂದೇ ಮಾತು ಹೇಳಿದರು: "ಒಂದ್ರ ಮೇಲೊಂದು ಹತ್ತಬಾರ್ದು ಸಾ, ಹತ್ತುದ್ರೆ ಬಿಚ್ಚಿ ಮತ್ತೆ ಸುತ್ತಿ."

ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ಮೇಲೆ 400 ಸುತ್ತು. ಎರಡು ಸಂಜೆ ಹಿಡಿಯಿತು. ತಂತಿ ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ಬೆರಳಿನ ಹಿಡಿತ ಒಂಚೂರು ಸಡಿಲವಾದರೂ ಹತ್ತು ಸುತ್ತು ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಪ್ರತಿ 50 ಸುತ್ತಿಗೆ ಒಂದು ತುಂಡು ಟೇಪು ಅಂಟಿಸಿ, ಚೀಟಿಯಲ್ಲಿ ಗೀಟು ಹಾಕಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದೆ. ಮುಗಿದ ಮೇಲೆ ತುದಿಯ ವಾರ್ನಿಷ್ ಅನ್ನು ಉಪ್ಪು ಕಾಗದದಲ್ಲಿ ಉಜ್ಜಿದೆ. ಇದನ್ನ ಮರೆತರೆ ಬೆಸುಗೆ ಕೂತಂತೆ ಕಾಣುತ್ತದೆ, ಕರೆಂಟು ಮಾತ್ರ ಹರಿಯಲ್ಲ.

ಸರ್ಕ್ಯೂಟ್ ತುಂಬಾ ಚಿಕ್ಕದು. ಒಂದು 2ಎನ್2222 ಟ್ರಾನ್ಸಿಸ್ಟರ್, 22 ಕಿಲೋಓಮ್ ರೆಸಿಸ್ಟರ್, ಒಂದು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ. ಸುರುಳಿಯ ಬುಡದಲ್ಲಿ ಮನೆ ವೈರಿಂಗಿನ ದಪ್ಪ ತಂತಿ ಮೂರು ಸುತ್ತು. ಬ್ಯಾಟರಿ ಕೊಟ್ಟೆ. ಏನೂ ಆಗಲಿಲ್ಲ, ಟ್ರಾನ್ಸಿಸ್ಟರ್ ಮಾತ್ರ ಬಿಸಿಯಾಯಿತು. ಬೆಸುಗೆ ಎಲ್ಲ ತಿರುಗಿ ನೋಡಿದೆ, ಸರಿಯಾಗಿತ್ತು. ಕೊನೆಗೆ ಆ ದಪ್ಪ ತಂತಿಯ ಎರಡು ತುದಿಗಳನ್ನ ಅದಲು ಬದಲು ಮಾಡಿದೆ, ಸುಟ್ಟುಹೋಗಿದ್ದ ಒಂದು ಸಿಎಫ್‌ಎಲ್ ಬಲ್ಬ್ ಹತ್ತಿರ ತಂದೆ, ಅದು ಕೈಯಲ್ಲೇ ಹೊತ್ತಿಕೊಂಡಿತು! ಬಲ್ಬಿನ ಬುಡದೊಳಗಿನ ಸರ್ಕ್ಯೂಟ್ ಸತ್ತಿದ್ದರೂ ಗಾಜಿನೊಳಗಿನ ಗ್ಯಾಸ್ ಚೆನ್ನಾಗಿಯೇ ಇರುತ್ತದಲ್ವಾ. ಹಾಗಾಗಿ ಹಳೇ ಸಿಎಫ್‌ಎಲ್ ಬಿಸಾಕಬೇಡಿ.

ಒಂಬತ್ತು ವೋಲ್ಟಿನಿಂದ ಅಷ್ಟೊಂದು ವೋಲ್ಟೇಜ್ ಹೇಗೆ ಬಂತು ಅಂತ ಅಕ್ಕನ ಮಗ ಕೇಳಿದ. ಅವನಿಗೆ ನಮ್ಮ ಜಿಲ್ಲೆಯ ಶಿವನಸಮುದ್ರದ ಕಥೆಯನ್ನೇ ಹೇಳಿದೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ವೋಲ್ಟೇಜ್ ಏರಿಸಿದರೆ ಆಂಪಿಯರ್ ಇಳಿಯುತ್ತದೆ, ಆಗ ದಾರಿಯಲ್ಲಿ ತಂತಿ ಬಿಸಿಯಾಗಿ ಪೋಲಾಗೋದು ಕಡಿಮೆ. ಸುರುಳಿಯಲ್ಲೂ ಅಷ್ಟೇ, ಬುಡದ ಮೂರು ಸುತ್ತಿನಿಂದ ನಾನೂರು ಸುತ್ತಿಗೆ ಹೋದಾಗ ವೋಲ್ಟೇಜ್ ಜಾಸ್ತಿ, ಕರೆಂಟು ಕಮ್ಮಿ. ಹಾಗಂತ ಸುರುಳಿಯ ತುದಿ ಮುಟ್ಟಬೇಡ ಅಂತಲೂ ಹೇಳಿದೆ. ಹೈ ಫ್ರೀಕ್ವೆನ್ಸಿ, ಅಂದರೆ ತುಂಬಾ ಬೇಗ ಬೇಗ ದಿಕ್ಕು ಬದಲಿಸುವ ಕರೆಂಟು ಆದ್ದರಿಂದ ಜುಂ ಅನ್ನಲ್ಲ, ಆದರೆ ಚರ್ಮ ಸುಡುತ್ತದೆ. ನನ್ನ ತೋರುಬೆರಳಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಒಂದು ವಾರ ಇತ್ತು.

ನಿಜವಾದ ಪಾಠ ಕಲಿಸಿದ್ದು ಎರಡನೇ ಕಿಟ್. ಅದು ವೋಲ್ಟೇಜ್ ಮಲ್ಟಿಪ್ಲೈಯರ್, ಅಂದರೆ ಕರೆಂಟನ್ನ ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮತ್ತು ಚಾರ್ಜು ತುಂಬಿಡುವ ಕೆಪಾಸಿಟರ್‌ಗಳ ಏಣಿ. ಮೆಟ್ಟಿಲು ಏರಿದಂತೆ ವೋಲ್ಟೇಜ್ ಏರುತ್ತದೆ. ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಎಂಬ ವಿಜ್ಞಾನಿಗಳು 1932ರಲ್ಲಿ ಲಿಥಿಯಂ ಪರಮಾಣುವಿನ ನ್ಯೂಕ್ಲಿಯಸ್ ಒಡೆದಿದ್ದು ಇದೇ ಥರದ ಏಣಿಯಿಂದ. ಸೊಳ್ಳೆ ಬ್ಯಾಟಿನೊಳಗೂ ಇದರ ತಮ್ಮನೇ ಇದ್ದಾನೆ. ನನ್ನದರಲ್ಲಿ ಎರಡು ಗುಂಡು ತಲೆಯ ಸ್ಕ್ರೂಗಳ ನಡುವೆ 3 ಮಿಲಿಮೀಟರ್ ಕಿಡಿ ಹಾರಿತು. ಒಣ ಗಾಳಿಯಲ್ಲಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಲೆಕ್ಕ, ಅಂದರೆ 9,000ದ ಆಸುಪಾಸು. ಮಲ್ಟಿಮೀಟರ್ ಇಡೋ ಹಾಗಿಲ್ಲ, ನನ್ನದು 1,000 ವೋಲ್ಟಿಗೇ ಮುಗಿಯುತ್ತದೆ.

ಒಂದು ಬೆಸುಗೆ ಸಡಿಲ ಇತ್ತು. ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟು, ಬೋರ್ಡ್ ಕೈಗೆತ್ತಿಕೊಂಡೆ. ಮೊಣಕೈವರೆಗೂ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಕೈ ತಾನಾಗಿ ಹಾರಿ ಶೆಲ್ಫಿನ ಅಂಚಿಗೆ ಬಡಿದು ಚರ್ಮ ಕಿತ್ತುಬಂತು. ಬ್ಯಾಟರಿ ಮೇಜಿನ ಮೇಲಿದೆ, ಹೊಡೆದಿದ್ದು ಕೆಪಾಸಿಟರ್‌ಗಳಲ್ಲಿ ಉಳಿದಿದ್ದ ಚಾರ್ಜು. ಕೆಪಾಸಿಟರ್‌ನಲ್ಲಿ ವೋಲ್ಟೇಜ್ ಎರಡು ಪಟ್ಟಾದರೆ ತುಂಬಿಟ್ಟ ಶಕ್ತಿ ನಾಲ್ಕು ಪಟ್ಟು. ಪುಸ್ತಕದಲ್ಲಿ ಓದಿದ್ದೆ, ಕೈಗೆ ಗೊತ್ತಿರಲಿಲ್ಲ.

ಮಾರನೇ ದಿನವೇ ಉಳಿದ ಚಾರ್ಜು ಇಳಿಸೋಕೆ ಒಂದು ಕೋಲು ಮಾಡಿಕೊಂಡೆ. ಎರಡಡಿ ಪಿವಿಸಿ ಪೈಪ್, ತುದಿಗೆ ಹಿತ್ತಾಳೆ ಸ್ಕ್ರೂ, ಒಳಗೆ 1 ಮೆಗಾಓಮ್ ರೆಸಿಸ್ಟರ್ 30, ಒಂದರ ಹಿಂದೊಂದು ಬೆಸೆದು, ಕೊನೆಯಿಂದ ತಂತಿ ತೆಗೆದು ಸರ್ಕ್ಯೂಟಿನ ನೆಗೆಟಿವ್‌ಗೆ ಕ್ಲಿಪ್. ಮೂವತ್ತು ಯಾಕೆ ಅಂದರೆ ಕಾಲು ವ್ಯಾಟಿನ ಒಂದು ರೆಸಿಸ್ಟರ್ ಅಷ್ಟು ವೋಲ್ಟೇಜ್ ಒಂಟಿಯಾಗಿ ತಡೆಯಲ್ಲ, ಹಂಚಿಕೊಳ್ಳಬೇಕು. ಮೊದಲು ಬ್ಯಾಟರಿ ಕಿತ್ತು, ಏಣಿಯ ಪ್ರತಿ ಮೆಟ್ಟಿಲಿಗೂ ಕೋಲು ಮುಟ್ಟಿಸಿ ಐದರವರೆಗೆ ಎಣಿಸುತ್ತೇನೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ, ಯಾಕಂದರೆ ಕೆಲವು ಕೆಪಾಸಿಟರ್‌ಗಳಲ್ಲಿ ಖಾಲಿ ಆದ ಮೇಲೂ ಸ್ವಲ್ಪ ಚಾರ್ಜು ತಿರುಗಿ ಏಳುತ್ತದೆ. ಎಡಗೈ ಪ್ಯಾಂಟ್ ಜೇಬಿನಲ್ಲಿ, ಕರೆಂಟು ಎದೆ ದಾಟಿ ಹರಿಯದಿರಲಿ ಅಂತ. ಮನೆಯಲ್ಲಿ ಯಾರೂ ಇಲ್ಲದಾಗ ಕಿಟ್ ಮುಟ್ಟಲ್ಲ.

ಹೋದ ತಿಂಗಳು ಗುಜರಿ ಅಂಗಡಿಯವರು ಕರೆದು ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ತೋರಿಸಿದರು, ಬರೀ 200 ರೂಪಾಯಿ, ನಿಮಗೇ ಎತ್ತಿಟ್ಟಿದ್ದೆ ಅಂದರು. ಅದು ಸುಮಾರು 2,000 ವೋಲ್ಟ್, ನನ್ನ ಏಣಿಗಿಂತ ಕಮ್ಮಿ. ಆದರೆ ಗೋಡೆಯ ಪ್ಲಗ್ಗಿನಿಂದ ನೇರ ಓಡುತ್ತದೆ, ಕೊಡುವ ಕರೆಂಟು ಒಬ್ಬ ಮನುಷ್ಯನನ್ನ ಕೊಲ್ಲೋಕೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ತಾಮ್ರಕ್ಕೆ ಒಡೆದುಬಿಡಿ, ಯಾವ ಹುಡುಗರು ಬಂದು ಕೇಳಿದರೂ ಹಾಗೇ ಕೊಡಬೇಡಿ ಅಂತ ಹೇಳಿ, ಒಂದು ಹಿಡಿ ಹಳೇ ಸೆರಾಮಿಕ್ ಕೆಪಾಸಿಟರ್ ಆರಿಸಿಕೊಂಡು ಬಂದೆ.