ಕೋವಿ ಒದೆತಕ್ಕೆ ಹೆದರದೆ ಗುರಿ ಹಿಡಿಯೋದು ಹೇಗೆ? ರೈಫಲ್ ಆರಿಸೋಕ್ ಮುಂಚೆ ಇದನ್ನ ಓದಿ

ಹೋದ ಆಯುಧ ಪೂಜೇಲಿ ನಮ್ಮೂರಲ್ಲಿ, ಸಕಲೇಶಪುರದಿಂದ ಒಳಗಿರೋ ಊರು, ಸ್ಟೇಷನ್ನಿಂದ ಪರ್ಮಿಷನ್ ತಗೊಂಡು ತೆಂಗಿನಕಾಯಿಗೆ ಗುಂಡು ಹೊಡಿಯೋ ಸ್ಪರ್ಧೆ ಇಟ್ಟಿದ್ರು. ಕಾಯಿ ಕಟ್ಟಿದ್ದು 30 ಮೀಟರ್ ದೂರದಲ್ಲಿ. ನಮ್ಮ ಅಣ್ಣನ ಮಗ, ಏರ್ ರೈಫಲ್ಲಲ್ಲಿ ಬೆಂಕಿಪೊಟ್ಟಣ ಬೀಳಿಸೋ ಹುಡುಗ, ಜೋಡಿ ನಳಿಗೆ ಕೋವೀಲಿ ಮೂರು ಈಡು ಹೊಡ್ದ, ಮೂರೂ ಕಾಯಿ ಕೆಳಗಿನ ಮಣ್ಣಿಗೆ ಹೋದ್ವು. "ಚಿಕ್ಕಪ್ಪ, ಈ ಕೋವಿ ಸರಿ ಇಲ್ಲ, ದೊಡ್ಡ ರೈಫಲ್ ತಗೊಳ್ಳೋಣ" ಅಂದ. ಅದೇ ಕೋವೀಲಿ 70 ದಾಟಿದ ನಮ್ಮ ದೊಡ್ಡಪ್ಪ ಎರಡನೇ ಈಡಿಗೆ ಕಾಯಿ ಒಡೆದ್ರು.

ನಾನು ಪಕ್ಕದಲ್ಲೇ ನಿಂತು ಹುಡುಗನ್ನ ನೋಡ್ತಿದ್ದೆ. ಗುಂಡು ಹಾರೋಕ್ ಮುಂಚೆನೇ ಅವನ ಕಣ್ಣು ಮುಚ್ಚಿತು, ಭುಜ ಮುಂದಕ್ಕೆ ಬಂತು, ನಳಿಗೆ ಬಾಯಿ ಎರಡು ಬೆರಳಷ್ಟು ಕೆಳಗೆ ಇಳೀತು. ಆಮೇಲೆ ಢಂ ಅಂತು. ಗುರಿ ತಪ್ಪಿದ್ದು ಆ ಎರಡು ಬೆರಳಲ್ಲಿ.

ಇದನ್ನ ಮೊದ್ಲು ಸರಿಯಾಗಿ ತಿಳ್ಕೊಬೇಕು. ಗುಂಡು ರೈಫಲ್ ನಳಿಗೇಲಿ ಇರೋದು ಒಂದು, ಒಂದೂವರೆ ಮಿಲಿಸೆಕೆಂಡ್ ಅಷ್ಟೇ, ಅಷ್ಟರಲ್ಲಿ ರೈಫಲ್ ಹಿಂದಕ್ಕೆ ಬರೋದು 2 ಮಿಲಿಮೀಟರ್ ಹತ್ತಿರ, ಭುಜಕ್ಕೆ ಜೋರು ಒದೆತ ಬೀಳೋ ಹೊತ್ತಿಗೆ ಗುಂಡು ಹೊರಗೆ ಹೋಗಿ ಆಗಿರ್ತದೆ. ಅದೂ ಅಲ್ದೆ ಮನುಷ್ಯ ಒಂದು ಏಟಿಗೆ ಬೆಚ್ಚೋಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಹಂಗಾಗಿ ಒದೆತ ಬಿದ್ದ ಮೇಲೆ ನೀವು ಬೆಚ್ಚಿ ಗುರಿ ಕೆಡಿಸೋಕೆ ಆಗೋದೇ ಇಲ್ಲ. ಕೆಡಿಸೋದು ಒದೆತ ಬರ್ತದೆ ಅಂತ ಮೈ ಮುಂಚೆನೇ ಮುದುಡೋದು, ಇದಕ್ಕೆ ಫ್ಲಿಂಚ್ ಅಂತಾರೆ. ದೊಡ್ಡ ರೈಫಲ್ ತಗೊಂಡ್ರೆ ಇದು ಹೋಗಲ್ಲ, ಇನ್ನೂ ಜಾಸ್ತಿ ಆಗ್ತದೆ.

ಯಾವ್ದು ಎಷ್ಟು ಒದೀತದೆ ಅಂತ ಲೆಕ್ಕ ಹಾಕಿ ನೋಡಿ. ಗುಂಡು ಮತ್ತೆ ಮದ್ದಿನ ಹೊಗೆ ಮುಂದಕ್ಕೆ ಹೋಗೋ ರಭಸಕ್ಕೆ ಸರಿಯಾಗಿ ಕೋವಿ ಹಿಂದಕ್ಕೆ ಬರ್ತದೆ, ಕೋವಿ ಹಗುರ ಇದ್ದಷ್ಟೂ ಏಟು ಜೋರು. .30-06, .243, .22 ಇವೆಲ್ಲ ತೋಟಾ ಅಳತೆಯ ಹೆಸರು. 3.6 ಕೆಜಿಯ .30-06 ರೈಫಲ್ ಸುಮಾರು 27 ಜೂಲ್ ಒದೀತದೆ, ಅಂದ್ರೆ ಪೌಣೆ ಮೂರು ಕೆಜಿ ಕಲ್ಲು ಒಂದು ಮೀಟರ್ ಮೇಲಿಂದ ಬಿದ್ದಷ್ಟು. ಅದೇ ರೈಫಲ್ 4.5 ಕೆಜಿ ಇದ್ರೆ 22ಕ್ಕೆ ಇಳೀತದೆ. ಹೊರದೇಶದಲ್ಲಿ ಜಿಂಕೆ ಶಿಕಾರಿಗೆ ಬಳಸೋ .243 ಇದರ ಅರ್ಧಕ್ಕೂ ಕಡಿಮೆ, .22 ಅನ್ನೋ ಸಣ್ಣ ತೋಟಾದ ರೈಫಲ್ ಒದೆಯೋದು ಗೊತ್ತೇ ಆಗಲ್ಲ. ನಮ್ಮ ಮನೇಲಿರೋ 12 ಬೋರ್ ಜೋಡಿ ನಳಿಗೆ ಕೋವಿ ಮಾತ್ರ, ಹಗುರವಾದ ಕೋವಿಗೆ ಪೂರ್ತಿ ಲೋಡ್ ತೋಟಾ ಹಾಕಿದ್ರೆ 40 ಜೂಲ್ ಹತ್ತಿರ ಹೋಗ್ತದೆ, ರೈಫಲ್‌ಗಿಂತ ಜಾಸ್ತಿ! ಎಷ್ಟೋ ಜನ ಮಕ್ಕಳ ಕೈಗೆ ಮೊದ್ಲು ಅದನ್ನೇ ಕೊಡ್ತಾರೆ, ದಯವಿಟ್ಟು ಹಂಗೆ ಮಾಡಬೇಡಿ, ಮೊದಲ ದಿನ ಭುಜ ನೀಲಿಗಟ್ಟಿದ ಹುಡುಗನಿಗೆ ಆ ಹೆದರಿಕೆ ಬಿಡಿಸೋಕೆ ವರ್ಷಗಳೇ ಬೇಕಾಗ್ತದೆ.

ಇನ್ನು ಆರಿಸೋ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮಲ್ಲಿ ಶಿಕಾರಿ ಅಪರಾಧ, ನಾನು ಹೇಳ್ತಿರೋದು ಗುರಿ ಸ್ಪರ್ಧೆಗೆ, ರೇಂಜಿಗೆ. .303 ಪ್ರೊಹಿಬಿಟೆಡ್ ಬೋರ್, ಅಂದ್ರೆ ನಿಷೇಧಿತ ಅಳತೆ, ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ. ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿಯ .315, .30-06, .22 ಇವೆಲ್ಲ ಸಿಗೋವು. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಕೋವಿ, ಮನೇಲಿ 12 ಬೋರ್ ಇದ್ರೆ ಉಳಿಯೋದು ಒಂದೇ ಜಾಗ. ಗುರಿ ಕಲಿಯೋಕಾದ್ರೆ ಆ ಜಾಗಕ್ಕೆ ನಾನು ಕಣ್ಣು ಮುಚ್ಚಿ .22 ಅಂತೀನಿ. ದೊಡ್ಡ ಬೋರಿನ ಮೋಹ ಇರೋರು ಆಫ್ರಿಕಾದ ಶಿಕಾರಿ ಬೆಲ್ ಕಥೆ ಕೇಳಬೇಕು, ಸಾವಿರಕ್ಕೂ ಹೆಚ್ಚು ಆನೆ ಹೊಡೆದೋನು, ಅದರಲ್ಲಿ ಬಹುಪಾಲು ಕಡಿಮೆ ಒದೆಯೋ ಸಣ್ಣ .275 ರಿಗ್ಬೀಲೇ, ಗುಂಡು ಬಿದ್ದ ಜಾಗ ಸರಿ ಇತ್ತು ಅನ್ನೋ ಒಂದೇ ಕಾರಣಕ್ಕೆ. ಆನೆ ಲೆಕ್ಕ ಓದಿದ್ರೆ ನನಗೆ ಸಂಕಟ ಆಗ್ತದೆ, ಆದ್ರೆ ಪಾಠ ಮಾತ್ರ ನಿಜ.

ತಗೊಳ್ಳುವಾಗ ಭುಜಕ್ಕೆ ಏರಿಸಿ ನೋಡಿ. ಕಣ್ಣು ಮುಚ್ಚಿ ಏರಿಸಿ, ಕೆನ್ನೆ ಹಿಡಿಕೆ ಮರದ ಮೇಲೆ ಕೂತ ಮೇಲೆ ಕಣ್ಣು ಬಿಟ್ರೆ ಗುರಿ ಕಾಣೋ ಎರಡು ಸೈಟೂ ನೇರಕ್ಕೆ ಇರಬೇಕು, ಇಲ್ದಿದ್ರೆ ಹಿಡಿಕೆ ನಿಮ್ಮ ಅಳತೇದಲ್ಲ. ಹಿಡಿಕೆ ಹಿಂಬದಿ ಕೂರಬೇಕಾದ್ದು ಭುಜದ ಮೂಳೆ ಮೇಲಲ್ಲ, ಮೂಳೆಗೂ ತೋಳಿಗೂ ಮಧ್ಯ ಇರೋ ಮೆತ್ತನೆ ಗುಳಿಗೆ, ಅಲ್ಲಿಗೆ ಬಿಗಿಯಾಗಿ ಎಳ್ಕೊಬೇಕು, ಸಡಿಲ ಬಿಟ್ರೆ ಕೋವಿ ಓಡಿ ಬಂದು ಗುದ್ದುತ್ತದೆ. ರಬ್ಬರ್ ಪ್ಯಾಡ್ ಹಾಕಿಸಿ. ಸ್ಕೋಪ್ (ಗುರಿ ನೋಡೋ ದುರ್ಬೀನು) ಇದ್ರೆ ಕಣ್ಣಿಂದ 8-9 ಸೆಂಟಿಮೀಟರ್ ದೂರ ಇರ್ಲಿ, ಹುಬ್ಬು ಸೀಳಿಸ್ಕೊಂಡೋರನ್ನ ನಾನೇ ನೋಡಿದೀನಿ. ಕಿವಿಗೆ ಮಫ್ ಕಡ್ಡಾಯ, ಯಾಕಂದ್ರೆ ಅರ್ಧ ಬೆಚ್ಚೋದು ಸದ್ದಿಗೇ.

ಮರಳು ಚೀಲದ ಮೇಲೆ ಇಟ್ಟು ಹೊಡಿಯೋದಾದ್ರೆ ಮುಂದಿನ ಮರದ ಭಾಗ ಚೀಲದ ಮೇಲಿರಲಿ, ನಳಿಗೆ ಯಾವುದಕ್ಕೂ ತಾಗಬಾರದು. ಗಟ್ಟಿ ಕಲ್ಲಿನ ಮೇಲೆ ಇಟ್ರೆ ರೈಫಲ್ ಪುಟಿದು ಗುಂಡು ಬೇರೆ ಕಡೆ ಹೋಗ್ತದೆ. ಒಂದು ಗುಂಡು ನೋಡಿ ಸೈಟ್ ತಿರುಗಿಸಬೇಡಿ, ಮೂರು ಹೊಡೆದು ಅವುಗಳ ಮಧ್ಯ ಎಲ್ಲಿದೆ ನೋಡಿ.

ಹುಡುಗನಿಗೆ ಆಮೇಲೆ ನಾನು ಮಾಡಿಸಿದ್ದು ಡಮ್ಮಿ ಪರೀಕ್ಷೆ. ಅವನಿಗೆ ಕಾಣದ ಹಾಗೆ ತೋಟಾ ನಾನೇ ತುಂಬ್ತಿದ್ದೆ, ಒಮ್ಮೆ ನಿಜದ್ದು, ಎರಡು ಸಲ ಮದ್ದಿಲ್ಲದ ಡಮ್ಮಿ. ಡಮ್ಮಿ ಇದ್ದಾಗ ಬರೀ ಟಿಕ್ ಅಂತಿತ್ತು, ನಳಿಗೆ ಮಾತ್ರ ಮಣ್ಣಿಗೆ ಬಾಗ್ತಿತ್ತು, ಅವನಿಗೇ ಕಣ್ಣಾರೆ ಕಂಡಿತು, "ಕೋವೀದಲ್ಲ ಚಿಕ್ಕಪ್ಪ, ನಂದೇ" ಅಂದ. ಆಮೇಲೆ ಬೆರಳ ತುದಿಯ ಮೆತ್ತೆಯಿಂದ ಟ್ರಿಗರ್ ನಿಧಾನ ಒತ್ತೋದು, ಯಾವಾಗ ಹಾರ್ತದೆ ಅಂತ ತನಗೂ ಗೊತ್ತಾಗದ ಹಾಗೆ ಒತ್ತೋದು ಅಭ್ಯಾಸ ಆಯ್ತು. ದಿನಕ್ಕೆ ಹತ್ತು ಹದಿನೈದು ಈಡು ಸಾಕು, ಭುಜ ನೋಯೋಕ್ ಶುರುವಾದ್ರೆ ಅಲ್ಲಿಗೇ ನಿಲ್ಸಿ, ನೋವಲ್ಲಿ ಹೊಡೆದ ಪ್ರತಿ ಗುಂಡೂ ಹೆದರಿಕೇನೇ ಕಲಿಸ್ತದೆ.

ಇನ್ನೊಂದು, ಎಲೆಕ್ಷನ್ ಟೈಮಲ್ಲಿ ಸ್ಟೇಷನ್ನಿಗೆ ಡಿಪಾಸಿಟ್ ಮಾಡಿದ ಕೋವಿ ವಾಪಸ್ ತಂದಾಗ ಸೀದಾ ಗುರಿ ಹಿಡೀಬೇಡಿ. ಖಾಲಿ ಇದೆಯಾ ನೋಡಿ, ನಳಿಗೆ ಒರೆಸಿ, ಹಿಡಿಕೆ ಮತ್ತೆ ಸ್ಕೋಪಿನ ಸ್ಕ್ರೂ ಬಿಗಿ ಮಾಡಿ, ರೇಂಜಲ್ಲಿ ಮೂರು ಗುಂಡು ಹೊಡೆದು ಝೀರೋ, ಅಂದ್ರೆ ಸೈಟ್ ತೋರಿಸಿದ ಕಡೆಗೇ ಗುಂಡು ಬೀಳೋ ಹೊಂದಾಣಿಕೆ, ಇನ್ನೂ ಹಂಗೇ ಇದೆಯಾ ನೋಡ್ಕೊಳ್ಳಿ.