ಹಳೇ ಮನೆಯ ಮಲಗುವ ಕೋಣೆ: ಬಣ್ಣದ ಡಬ್ಬ ಕೊನೆಗೆ ತೆರೆಯಿರಿ

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಅಮ್ಮನ ಕೋಣೆಯ ಗೋಡೆ ಮೇಲೆ ಮೊದಲ ಗುಳ್ಳೆ ಎದ್ದದ್ದು ದಸರಾ ಗೊಂಬೆ ಇಳಿಸಿದ ವಾರ. ಏಪ್ರಿಲ್‌ನಲ್ಲಷ್ಟೇ ನಾನೇ ಸ್ಟೂಲ್ ಹತ್ತಿ ಹೊಡೆದಿದ್ದ ಬಣ್ಣ ಅದು. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ, ಮಿರಮಿರ ಮಿಂಚುವ ದುಬಾರಿ ಎಮಲ್ಷನ್. ಹೇರ್‌ಪಿನ್ನಿನಿಂದ ಗುಳ್ಳೆ ಚುಚ್ಚಿದೆ. ಒಂದು ಚಮಚದಷ್ಟು ನೀರು ಇಳಿಯಿತು, ಹಿಂದೆಯೇ ಉಪ್ಪಿನಂಥ ಬಿಳಿ ಪುಡಿ ಉದುರಿತು.

"ಗೋಡೆಗೆ ರೇನ್‌ಕೋಟ್ ಹಾಕಿಬಿಟ್ಟಿದ್ದೀಯ ಕಣೇ, ಪಾಪ ಒಳಗೊಳಗೇ ಬೆವರ್ತಿದೆ" ಅಂದಳು ಅಮ್ಮ. ಆಮೇಲೆ ಬಂದ ಮೇಸ್ತ್ರಿ ಇದೇ ಮಾತನ್ನು ಐನೂರು ರೂಪಾಯಿ ತೊಗೊಂಡು ಹೇಳಿದರು.

ಆ ಕೋಣೆಯನ್ನು ಮತ್ತೆ ಮೊದಲಿಂದ ಮಾಡಿದೆವು. ಈ ಸಲ ತಿರುಗಾಮುರುಗಾ ಕ್ರಮದಲ್ಲಿ: ಮೊದಲು ನೀರು, ಆಮೇಲೆ ಕರೆಂಟು, ಆಮೇಲೆ ಗೋಡೆ, ಮರ, ನೆಲ. ಪರದೆ, ದೀಪ, ದಿಂಬಿನ ಚೀಲದ ಚೆಂದವೆಲ್ಲ ಕಟ್ಟಕಡೆಗೆ. ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿ ಯುಗಾದಿಯೊಳಗೆ ಮುಗಿಸಿಕೊಳ್ಳಿ. ಬೆಂಗಳೂರಲ್ಲಿ ಗೋಡೆ ಚೆನ್ನಾಗಿ ಒಣಗುವುದು ಆ ಎರಡು ಮೂರು ತಿಂಗಳಲ್ಲೇ. ಏಪ್ರಿಲ್ ಬಂತೆಂದರೆ ಸಂಜೆ ಮಳೆ ಯಾವಾಗ ಬೇಕಾದರೂ ಸುರಿಯಬಹುದು.

ನಿಮ್ಮ ಗೋಡೆ ಯಾವ ಜಾತಿಯದು?

1892ರ ಚಾಮರಾಜಪೇಟೆ, 1898ರ ಪ್ಲೇಗಿನ ಬೆನ್ನಿಗೆ ಎದ್ದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಉಳಿದಿರುವ ಹಳೇ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ನಮ್ಮಜ್ಜ 1950ರ ದಶಕದಲ್ಲಿ ಕಟ್ಟಿಸಿದ್ದೂ ಹಾಗೇ. ಮೂಲೆಯಲ್ಲೆಲ್ಲಾದರೂ ಬೀಗದ ಕೈಯಿಂದ ಕೆರೆದು ನೋಡಿ. ಬೆಳ್ಳಗೆ ಮರಳು ಮರಳಾಗಿ ಸುಲಭವಾಗಿ ಉದುರಿದರೆ ಗಾರೆ. ಬೂದು ಬಣ್ಣದ್ದು, ಕೆರೆದರೂ ಗೀರು ಬೀಳದಷ್ಟು ಗಟ್ಟಿ ಇದ್ದರೆ ಸಿಮೆಂಟು. ಗಾರೆ ಗೋಡೆ ನೆಲದಿಂದಲೋ ಮಳೆಯಿಂದಲೋ ತೇವ ಹೀರಿ, ಬಿಸಿಲು ಬಿದ್ದಾಗ ಮೈಯಿಂದ ಆರಿಸಿಕೊಳ್ಳುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪದರದಂಥ ಬಣ್ಣ ಬಳಿದರೆ ಆರುವ ದಾರಿ ಮುಚ್ಚಿತು. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಸೇರಿ, ಪದರವನ್ನೇ ಗೋಡೆಯಿಂದ ಎಬ್ಬಿಸುತ್ತದೆ.

ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ಎರಡಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಎರಡು ದಿನ ಬಿಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿದೆ. ಕೋಣೆ ಕಡೆಯ ಮೈಯಲ್ಲಿ ಕಟ್ಟಿದ್ದರೆ ಗಾಳಿಯ ತೇವ. ಕಿಟಕಿ ತೆರೆದಿಡಿ, ಮೇಲಿನ ಗವಾಕ್ಷಿಗೆ ಯಾರಾದರೂ ಪ್ಲೈವುಡ್ ಬಡಿದಿದ್ದರೆ ಕಿತ್ತು ಸೊಳ್ಳೆ ಜಾಲರಿ ಹಾಕಿಸಿ.

ನಮ್ಮ ಹಾಳೆಯಲ್ಲಿ ಹನಿ ಗೋಡೆ ಕಡೆಗೇ ಇತ್ತು. ಹೊರಗೆ ಹೋಗಿ ನೋಡಿದರೆ, ತಾರಸಿಯಿಂದ ಮಳೆ ನೀರು ಇಳಿಸುವ ಪೈಪಿನ ತಿರುವು ಸೀಳಿತ್ತು. ಮುಂದೆ ಕಣಗಿಲೆ ಗಿಡ ಬೆಳೆದು ಮರೆ ಮಾಡಿತ್ತು. ಎಷ್ಟು ಮಳೆಗಾಲದಿಂದ ಹಾಗಿತ್ತೋ! ಪೈಪು ಸರಿಯಿದ್ದರೆ ಒಗೆಯುವ ಕಲ್ಲಿನ ನೀರು, ತುಂಬಿ ಹರಿಯುವ ಸಂಪು, ಗೋಡೆಗೆ ಆತುಕೊಂಡ ಹೂಕುಂಡ ನೋಡಿ. ಬೀದಿಯನ್ನೂ ನೋಡಿ. ನಮ್ಮೂರಲ್ಲಿ ಹಳೇ ಟಾರಿನ ಮೇಲೇ ಹೊಸ ಟಾರು ಸುರಿದೂ ಸುರಿದೂ ಎಷ್ಟೋ ಹಳೇ ಮನೆಗಳು ರಸ್ತೆಗಿಂತ ಒಂದಡಿ ಕೆಳಗೆ ಕೂತಿವೆ. ಅಂಥ ಕಡೆ ಗೇಟಿನ ಹತ್ತಿರವೇ ಸಣ್ಣ ಚರಂಡಿ ತೋಡಿಸದೆ ಒಳಗೆ ಏನು ಬಳಿದರೂ ದಂಡ. ದುರಸ್ತಿಯಾದ ಮೇಲೂ ಗೋಡೆ ಆರಲು ವಾರಗಟ್ಟಲೆ ಬೇಕು. ಹಾಳೆಯನ್ನು ಮತ್ತೆ ಅಂಟಿಸಿ ನೋಡಿ, ಹನಿ ಕಟ್ಟದಿದ್ದರೆ ಮುಂದುವರಿಯಿರಿ.

ಬೀರು ಸರಿಸಿ, ಎಲೆಕ್ಟ್ರಿಷಿಯನ್ ಕರೆಸಿ

ಕಬ್ಬಿಣದ ಬೀರುವನ್ನು ದಯವಿಟ್ಟು ಎಳೆಯಬೇಡಿ. ಕೆಂಪು ನೆಲದ ಮೇಲೆ ಬಿದ್ದ ಗೀರು ಮಕ್ಕಳ ಕಾಲಕ್ಕೂ ಇರುತ್ತದೆ. ಖಾಲಿ ಮಾಡಿ, ಒಂದು ಕಡೆ ಎತ್ತಿ ಕಾಲಿನಡಿ ಮಡಿಸಿದ ಗೋಣಿ ಚೀಲ ತೂರಿಸಿ, ಇನ್ನೊಂದು ಕಡೆಗೂ ತೂರಿಸಿ, ಚೀಲ ಸಮೇತ ಮೆಲ್ಲಗೆ ಜಾರಿಸಿ. ಇಬ್ಬರು ಸಾಕು.

ವೈರಿಂಗ್ ಮಾತ್ರ ನೀವೇ ಮಾಡುವ ಕೆಲಸವಲ್ಲ, ಲೈಸೆನ್ಸ್ ಇರುವವರೇ ಮಾಡಲಿ. ಅಮ್ಮನ ಕೋಣೆಯಲ್ಲಿ ಮರದ ಪಟ್ಟಿ ಮೇಲೆ ಓಡಿದ ತಂತಿ, ಕಪ್ಪು ಗುಂಡು ಸ್ವಿಚ್ಚು. ಮೂರು ತೂತಿನ ಸಾಕೆಟ್ಟಿನ ಹಿಂದೆ ಎರಡೇ ತಂತಿ, ಅರ್ತಿಂಗೇ ಇರಲಿಲ್ಲ! ಅರ್ತಿಂಗ್ ಕೊಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು) ಹಾಕಿಸಿ. ಮುಂದೆಂದಾದರೂ ಎಸಿ ಬೇಕೆನ್ನಿಸಬಹುದಾದರೆ ಅದಕ್ಕೆ ಬೋರ್ಡಿನಿಂದಲೇ ಬೇರೆ ಲೈನು, 4 ಚದರ ಮಿಲಿಮೀಟರ್ ತಂತಿ ಎಳೆಸಿಟ್ಟುಕೊಳ್ಳಿ. ಗಾರೆ ಗೋಡೆಯನ್ನು ಮಷೀನಿನಿಂದ ಉದ್ದಕ್ಕೂ ಕೊರೆಸಿದರೆ ಪಕ್ಕದ ಪ್ಲಾಸ್ಟರೂ ಕಳಚಿ ಬರುತ್ತದೆ. ಗೋಡೆ ಮೇಲೇ ಓಡುವ ಕೇಸಿಂಗ್ ಕ್ಯಾಪಿಂಗ್ (ತಂತಿ ಒಳಗಿಟ್ಟು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ) ವಾಸಿ. ಮಂಚದ ಎರಡೂ ಬದಿಗೆ ಒಂದೊಂದು ಪಾಯಿಂಟು, ಮಲಗಿದಲ್ಲೇ ಕೈಗೆಟುಕುವ ಸ್ವಿಚ್ಚು ಮರೆಯಬೇಡಿ. ಸ್ವಿಚ್ಚು, ಸಾಕೆಟ್ಟು, ದೀಪಕ್ಕೆಲ್ಲ ಎಸ್‌.ಪಿ. ರಸ್ತೆಗೆ ಒಂದು ಸಲ ಹೋದರೆ ಮುಗಿಯಿತು. ಭಾನುವಾರ ಹೋಗಿ ಬರಿಗೈಲಿ ಬರಬೇಡಿ, ನಾನು ಬಂದಿದ್ದೇನೆ.

ಕೆರೆಯುವ ಕೆಲಸ, ಸುಣ್ಣದ ಕೆಲಸ

ಇದೇ ಮೈಮುರಿಯುವ ಭಾಗ. ಅಂಗೈಯಿಂದ ಗೋಡೆ ಸವರಿ. ಕೈಗೆ ಬಿಳಿ ಹತ್ತಿದರೆ ಅದು ಹಳೇ ಡಿಸ್ಟೆಂಪರು, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆದು, ಹತ್ತು ನಿಮಿಷ ನೆನೆಯಲು ಬಿಟ್ಟು, ಅಗಲ ಪಟ್ಟಿಯಿಂದ ಕೆಳಗಿಂದ ಮೇಲಕ್ಕೆ ಕೆರೆಯಿರಿ. ಒಣಗಿದ್ದನ್ನು ಕೆರೆದರೆ ಮನೆ ತುಂಬ ಧೂಳು. ನನಗೆ ಒಂದೊಂದು ಗೋಡೆಗೆ ಒಂದೊಂದು ದಿನ ಹಿಡಿಯಿತು. ಕೆನೆ ಬಣ್ಣದಡಿ ಗುಲಾಬಿ, ಗುಲಾಬಿಯಡಿ ತಿಳಿನೀಲಿ. ಆ ನೀಲಿ ಬಂದಾಗ ಅಮ್ಮ ಕೈಯಲ್ಲಿದ್ದ ಪಟ್ಟಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಅವಳು ಮದುವೆಯಾಗಿ ಬಂದಾಗಿನ ಬಣ್ಣವಂತೆ.

ಪ್ಲಾಸ್ಟರನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಕಿತ್ತು ತೇಪೆ ಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. "ಬೇಗ ಆಗುತ್ತೆ ಮೇಡಂ" ಅಂತ ಸಿಮೆಂಟು ಹಾಕಲು ಬರುವವರನ್ನು ಬಾಗಿಲಲ್ಲೇ ತಡೆಯಿರಿ. ಮೆತ್ತನೆ ಗಾರೆಯ ನಡುವೆ ಗಟ್ಟಿ ಸಿಮೆಂಟಿನ ತೇಪೆ ಬಿದ್ದರೆ ಅಂಚಿನಲ್ಲಿ ಬಿರುಕು ಗ್ಯಾರಂಟಿ, ತೇವವೂ ಅದರ ಸುತ್ತಲೇ ನುಗ್ಗುತ್ತದೆ. ಸುಣ್ಣದ ತೇಪೆಗೆ ನಾಲ್ಕೈದು ದಿನ ನೀರು ಚಿಮುಕಿಸಿ, ಆಮೇಲೆ ತಾನಾಗಿ ಆರಲು ಬಿಡಿ.

ಬಣ್ಣಕ್ಕೂ ಸುಣ್ಣವನ್ನೇ ಹಚ್ಚಿದೆವು. ಸುಡುಸುಣ್ಣ ತಂದು ಮನೆಯಲ್ಲಿ ನೀರು ಹುಯ್ಯುವ ಸಾಹಸ ಬೇಡ, ಅದು ಕೊತಕೊತ ಕುದಿದು ಸಿಡಿಯುತ್ತದೆ. ಅರಳಿಸಿದ ಸುಣ್ಣವನ್ನೇ ತಂದು, ನೀರಲ್ಲಿ ಕದಡಿ, ಹಳೇ ಪಂಚೆಯಲ್ಲಿ ಸೋಸಿ ಹಾಲಿನ ಹದಕ್ಕೆ ತನ್ನಿ. ಬಣ್ಣ ಬೇಕಿದ್ದರೆ ಹಳದಿ ಇಲ್ಲವೇ ಕೆಂಪು ಆಕ್ಸೈಡ್ ಪುಡಿ; ಅಚ್ಚ ಬಿಳಿಗೆ ಚಿಟಿಕೆ ನೀಲಿ. ಹತ್ತು ಲೀಟರಿಗೆ ಆರು ಚಮಚ ಹಳದಿ ಹಾಕಿದೆವು, ಮಾಗಿದ ಬಾಳೆಹಣ್ಣಿನ ತಿರುಳಿನ ಬಣ್ಣ ಬಂತು. ಗೋಡೆಗೆಲ್ಲ ಒಂದು ಸುತ್ತು ಬಳಿಯಲು ಬೇಕಾದಷ್ಟನ್ನು ಒಟ್ಟಿಗೇ ಕಲಸಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಕಡ್ಡಾಯ. ಕಣ್ಣಿಗೆ ಸಿಡಿದರೆ ಹರಿಯುವ ನೀರಲ್ಲಿ ಕಾಲು ಗಂಟೆ ತೊಳೆದು ನೇರ ಡಾಕ್ಟರ ಹತ್ತಿರ ಓಡಿ.

ಗೋಡೆ ಮೊದಲು ಒದ್ದೆ ಮಾಡಿ, ಅಗಲ ಬ್ರಷ್ಷಿನಿಂದ ತೆಳ್ಳಗೆ ಬಳಿಯಿರಿ. ಬಳಿದಾಗ ಏನೂ ಕಾಣುವುದಿಲ್ಲ, ಬರೀ ಒದ್ದೆ ಗೋಡೆ. ನಾನು ಮೋಸ ಹೋದೆ ಅಂತಲೇ ಅಂದುಕೊಂಡು ಮಲಗಿದೆ. ಬೆಳಗ್ಗೆ ನೋಡಿದರೆ ಬೆಳ್ಳಗೆ ಅರಳಿತ್ತು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಕಲ್ಲಾಗುತ್ತದೆ, ಅದಕ್ಕೇ ಈ ತಡ. ದಿನಕ್ಕೊಂದರಂತೆ ಮೂರು ನಾಲ್ಕು ಸುತ್ತು ಬೇಕು. ಒಂದು ಕೊರತೆಯೂ ಇದೆ: ಒರಗಿದರೆ ಬಟ್ಟೆಗೆ ಸ್ವಲ್ಪ ಹತ್ತುತ್ತದೆ. ಮಂಚದ ತಲೆ ಕಡೆ ಚಾಪೆಯೊಂದನ್ನು ತೂಗುಹಾಕಿದೆವು.

ನಿಮ್ಮದು ಸಿಮೆಂಟ್ ಗೋಡೆಯಾದರೆ ಇಷ್ಟೆಲ್ಲ ಕಷ್ಟವಿಲ್ಲ. ಹೊಸ ತೇಪೆ 28 ದಿನ ಆರಲಿ, ಪ್ರೈಮರ್ ಹೊಡೆದು ಎಮಲ್ಷನ್ ಬಳಿಯಿರಿ. 10×12 ಅಡಿ ಕೋಣೆ, 10 ಅಡಿ ಎತ್ತರ ಅಂದರೆ ಸುತ್ತಳತೆ 44 ಅಡಿ, ಗೋಡೆ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ 400. ಎರಡು ಸುತ್ತು ಬಳಿಯಲು ಲೀಟರಿಗೆ ಸುಮಾರು 60 ಚದರಡಿ ಹಿಡಿದರೆ ಏಳು ಲೀಟರ್ ಸಾಕು. ಅಂಗಡಿಯವರು ಹತ್ತು ಅಂದರೆ ಲೆಕ್ಕ ತೋರಿಸಿ.

ಮರ ಮತ್ತು ನೆಲ

ಹಳೇ ಬಾಗಿಲಿನ ಬಣ್ಣದಡಿ ತೇಗ ಅಡಗಿರುವುದುಂಟು. ಆದರೆ ಒಣ ಉಜ್ಜುಕಾಗದ ಹಿಡಿದು ಶುರುಮಾಡಬೇಡಿ. ಮನೆಬಳಕೆಯ ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯುವುದು ಕ್ಷೇಮ. ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ, ನೀರುಕಾಗದದಿಂದ ಒದ್ದೆಯಾಗಿಯೇ ಉಜ್ಜಿ, ಕಿಟಕಿ ತೆರೆದು ಎನ್‌-95 ಮಾಸ್ಕ್ ಹಾಕಿ. ಮಕ್ಕಳು, ಬಸುರಿಯರು ಆ ದಿನ ಬೇರೆ ಮನೆಯಲ್ಲಿರಲಿ. ಮರ ಒಣಗಿದ ಮೇಲೆ ಅಗಸೆ ಎಣ್ಣೆ ಉಜ್ಜಿದರೆ ಮರದ ಗೆರೆಯೆಲ್ಲ ಎದ್ದು ಕಾಣುತ್ತದೆ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಕೆಂಪು ನೆಲಕ್ಕೆ ಆಸಿಡ್ ತೋರಿಸಲೇಬೇಡಿ, ಮೇಲೆ ಟೈಲ್ಸೂ ಬೇಡ. ಬಿರುಕಿಗೆ ಸಿಮೆಂಟಿನಲ್ಲಿ ಕೆಂಪು ಆಕ್ಸೈಡ್ ಕಲಸಿ ತುಂಬಿ. ಮೊದಲು ಒಂದು ಹಂಚಿನ ಚೂರಿನ ಮೇಲೆ ಬಳಿದು ಒಣಗಿಸಿ ಹೋಲಿಸಿ, ಯಾಕೆಂದರೆ ಹಸಿಯಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ. ಆಮೇಲೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಒಣ ಬಟ್ಟೆಯಿಂದ ಚೆನ್ನಾಗಿ ತಿಕ್ಕಿ. ನಾಲ್ಕೇ ಹನಿ! ವಯಸ್ಸಾದವರು ಜಾರಿದರೆ ಹೊಳಪು ಯಾರಿಗೆ ಬೇಕು?

ಪರದೆಗೆ ಚಿಕ್ಕಪೇಟೆಯ ಕಾಟನ್, ಕಿಟಕಿ ಅಗಲದ ಒಂದೂವರೆಯಿಂದ ಎರಡು ಪಟ್ಟು. ಹೊಲಿಸುವ ಮುಂಚೆ ಒಮ್ಮೆ ಒಗೆಯಿರಿ. ಬಿದಿರಿನ ತೆರೆ ಬೇಕಿದ್ದರೆ ಬಾಂಬೂ ಬಜಾರ್. ದೀಪ 2700ರಿಂದ 3000 ಕೆಲ್ವಿನ್‌ನ ಹಳದಿ ಎಲ್‌ಇಡಿ ಇರಲಿ, ಆಸ್ಪತ್ರೆ ಬಿಳುಪು ಬೇಡ. ಬೀರುವನ್ನು ಹೊರಗೋಡೆಗೆ ಆನಿಸದೆ ನಾಲ್ಕಿಂಚು ಬಿಟ್ಟು ನಿಲ್ಲಿಸಿ, ಹಿಂದೆ ಗಾಳಿ ಆಡಲಿ.

ಉಳಿದ ಸುಣ್ಣ ಎಸೆಯಬೇಡಿ. ಮೇಲೆ ಎರಡಿಂಚು ನೀರು ನಿಲ್ಲಿಸಿ ಮುಚ್ಚಳ ಬಿಗಿದಿಟ್ಟರೆ ಮುಂದಿನ ಯುಗಾದಿಗೆ ಒಂದು ಸುತ್ತು ಬಳಿಯಲು ಆಗುತ್ತದೆ. ನಮ್ಮದು ಅಟ್ಟದ ಮೇಲಿದೆ. ಮುಚ್ಚಳದ ಮೇಲೆ ಅಮ್ಮ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದಾಳೆ: "ಮೊಸರಲ್ಲ."