ಶಿವರಾತ್ರಿಯಿಂದ ಯುಗಾದಿವರೆಗೆ ವಾರಾಂತ್ಯದ ಬೆಟ್ಟ: ನನ್ನ ಅನುಭವ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುವ ಮಾತು ಬೆಂಗಳೂರಿನ ಸುತ್ತಮುತ್ತ ಬಹುಮಟ್ಟಿಗೆ ನಿಜ. ಅಲ್ಲಿಂದ ಯುಗಾದಿವರೆಗಿನ ನಾಲ್ಕೈದು ವಾರ ಮುಂಜಾನೆ 17-18 ಡಿಗ್ರಿ ತಂಪಿದ್ದರೆ ಮಧ್ಯಾಹ್ನ 32-33 ಡಿಗ್ರಿ ಉರಿ. ಈ ಕಾಲದಲ್ಲಿ ಬೆಟ್ಟ ಹತ್ತಲು ನಾನು ಪಾಲಿಸುವುದು ಒಂದೇ ಕಟ್ಟಳೆ: ಬೆಳಗಿನ ಹತ್ತು ಗಂಟೆಯೊಳಗೆ ವಾಪಸ್ ಬುಡದಲ್ಲಿರಬೇಕು. ಉಳಿದದ್ದೆಲ್ಲ ಇದಕ್ಕೆ ಹೊಂದಿಕೊಳ್ಳಬೇಕು. ಅದರಲ್ಲಿ ಮುಕ್ಕಾಲು ಪಾಲು ಕೆಲಸ ಬೆಟ್ಟದ ಮೇಲಲ್ಲ, ವಾರದ ದಿನಗಳಲ್ಲಿ ಮನೆಯಲ್ಲೇ ಆಗುವಂಥದ್ದು.

ಶಿವಗಂಗೆಯ ಲೆಕ್ಕ ಹಾಕಿ ನೋಡಿ. ಸಮುದ್ರಮಟ್ಟದಿಂದ ಸುಮಾರು 1,368 ಮೀಟರ್ ಎತ್ತರದ ಬೆಟ್ಟ. ಮಕ್ಕಳೂ ಜೊತೆಗಿದ್ದರೆ ಹತ್ತಲು ಎರಡು ಗಂಟೆ, ಮೇಲೆ ಕೂತು ತಿನ್ನಲು ಅರ್ಧ ಗಂಟೆ, ಇಳಿಯಲು ಒಂದೂಕಾಲು ಗಂಟೆ ಬೇಕು. ಅಂದರೆ ಬೆಳಕು ಹರಿಯುವ ಹೊತ್ತಿಗೆ, 6.15ರ ಸುಮಾರಿಗೆ, ಮೊದಲ ಮೆಟ್ಟಿಲ ಮೇಲೆ ಕಾಲಿಡಬೇಕು. ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ಹಾದು ಹೋಗಲು ಒಂದೂವರೆ ಗಂಟೆ ಇಟ್ಟುಕೊಂಡರೆ 4.45ಕ್ಕೆ ಮನೆ ಬಿಡಬೇಕು, ನಾಲ್ಕಕ್ಕೆ ಏಳಬೇಕು. ರಾತ್ರಿ ಒಂಬತ್ತೂಕಾಲಿಗೆ ನಿದ್ದೆ ಬಾರದವರಿಗೆ ಇದು ಆಗದ ಮಾತು.

ಆ ನಿದ್ದೆಯನ್ನು ಒಂದೇ ಶುಕ್ರವಾರ ರಾತ್ರಿ ಒತ್ತಾಯದಿಂದ ತರಲು ಆಗುವುದಿಲ್ಲ. ಹನ್ನೊಂದಕ್ಕೆ ಮಲಗುವ ಅಭ್ಯಾಸದವರು ಒಂಬತ್ತಕ್ಕೇ ದೀಪ ಆರಿಸಿದರೆ ಎರಡು ಗಂಟೆ ಹೊರಳಾಡುತ್ತಾರೆ ಅಷ್ಟೆ. ನಾನು ರಥಸಪ್ತಮಿಯಿಂದ ಶುರು ಮಾಡುತ್ತೇನೆ. ಅಲ್ಲಿಂದ ಶಿವರಾತ್ರಿಗೆ ಮೂರು ವಾರ. ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ಸರಿಸಿದರೆ ಹನ್ನೊಂದು ಅನ್ನುವುದು ಒಂಬತ್ತೂಕಾಲಕ್ಕೆ ಬಂದು ನಿಲ್ಲುತ್ತದೆ. ಮೊದಲು ಸರಿಸಬೇಕಾದದ್ದು ಮಲಗುವ ಹೊತ್ತನ್ನಲ್ಲ, ಏಳುವ ಹೊತ್ತನ್ನು. ಎದ್ದ ಮೇಲೆ, ಬೆಳಕಾದ ಕೂಡಲೇ, 20 ನಿಮಿಷ ಬಯಲಲ್ಲೋ ತಾರಸಿಯ ಮೇಲೋ ಇರಬೇಕು. ದೇಹದ ಗಡಿಯಾರವನ್ನು ತಿರುಗಿಸುವುದು ಆ ಬೆಳಕೇ. ಕಿಟಕಿಯ ಒಳಗಿನ ಬೆಳಕು ಅದಕ್ಕೆ ಸಾಲುವುದಿಲ್ಲ. ಮೂರು ಗಂಟೆಯ ನಂತರ ಕಾಫಿ ಇಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯಾದರೂ ಮೈಯಲ್ಲೇ ಇರುತ್ತದೆ, ಐದೂವರೆಯ ಕಾಫಿ ಹತ್ತೂವರೆಗೂ ಬಿಡುವುದಿಲ್ಲ. ಹೆಚ್ಚಿನವರ ಪ್ರಯತ್ನ ಕೆಡುವುದು ಭಾನುವಾರ. ಒಂಬತ್ತರವರೆಗೆ ಮಲಗಿದರೆ ವಾರವಿಡೀ ಸರಿಸಿದ್ದೆಲ್ಲ ವ್ಯರ್ಥವಾಗುತ್ತದೆ. ರಜೆಯಲ್ಲೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ತಪ್ಪಬಾರದು. ಬೇಕಿದ್ದರೆ ಮಧ್ಯಾಹ್ನ 30 ನಿಮಿಷ ಮಲಗಿ.

ಕಾಲಿನ ತಯಾರಿಯೂ ಇದೇ ಮೂರು ವಾರದಲ್ಲಿ ಆಗಬೇಕು. ಎಲ್ಲರೂ ಹತ್ತುವುದನ್ನು ಅಭ್ಯಾಸ ಮಾಡುತ್ತಾರೆ, ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತದೆ, ನೋವು ಎರಡನೇ ದಿನ ಜೋರಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಸುಲಭದ ದಾರಿ ಇದೆ: ಲಿಫ್ಟಿನಲ್ಲಿ ಮೇಲೆ ಹೋಗಿ, ನಡೆದು ಕೆಳಗಿಳಿಯಿರಿ. ಐದು ಮಹಡಿ, ಮೂರು ಸುತ್ತು, ವಾರಕ್ಕೆರಡು ಸಲ. ಮೊದಲ ಸಲ ನೋಯುತ್ತದೆ. ಎರಡನೇ ವಾರಕ್ಕೆ ಅದೇ ಮೆಟ್ಟಿಲು ನೋಯುವುದಿಲ್ಲ, ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಮೊಣಕಾಲಿನ ಕೀಲಿನಲ್ಲೇ ನೋವಿದ್ದವರು ಮಾತ್ರ ಇದನ್ನು ಮಾಡಬಾರದು.

ಹಿಂದಿನ ರಾತ್ರಿ ಏಳೂವರೆಗೆ ಊಟ ಮುಗಿಯಬೇಕು. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಸಾಕು. ಕರಿದದ್ದು ತಿಂದರೆ ನಾಲ್ಕಕ್ಕೆ ಎದ್ದಾಗಲೂ ಹೊಟ್ಟೆ ಭಾರವಾಗಿರುತ್ತದೆ. ಬೆಳಗ್ಗೆ ಹೊರಡುವ ಮುಂಚೆ ಒಂದು ಲೋಟ ರಾಗಿ ಅಂಬಲಿ, ಒಂದು ಬಾಳೆಹಣ್ಣು. ಬುತ್ತಿಗೆ ಮೊಸರನ್ನಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಕಲಸುವ ಕ್ರಮ ಸರಿಯಿದ್ದರೆ. ಒಂದು ಲೋಟ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಬಿಸಿಯಿದ್ದಾಗಲೇ ಕಿವುಚಿ, ಕಾಯಿಸಿದ ಹಾಲು ಎರಡು ಲೋಟ ಸುರಿಯಿರಿ. ಪೂರ್ತಿ ಆರಿದ ಮೇಲೆ ಗಟ್ಟಿ ಮೊಸರು ಎರಡೇ ಚಮಚ, ಉಪ್ಪು, ಶುಂಠಿ, ಸಾಸಿವೆ ಒಗ್ಗರಣೆ. ಬೆಟ್ಟದ ಮೇಲೆ ಬಿಚ್ಚುವ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಮೊಸರನ್ನೇ ಹೆಚ್ಚು ಹಾಕಿದರೆ ಎಂಟೂವರೆಗೆ ಹುಳಿ. ಬಿಸಿಯಿರುವಾಗಲೇ ಡಬ್ಬಿ ಮುಚ್ಚಿದರೆ ಮುಚ್ಚಳದ ಬೆವರು ಇಳಿದು ನೀರಾಗಿ ಬೇಗ ಕೆಡುತ್ತದೆ.

ನೀರು ತಲೆಗೆ ಎರಡು ಲೀಟರ್. ಒಂದು ಲೀಟರ್ ಬರೀ ನೀರು. ಇನ್ನೊಂದಕ್ಕೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು; ಚಮಚ ಮಟ್ಟಸವಾಗಿರಲಿ, ಗೋಪುರ ಕಟ್ಟಬೇಡಿ. ಉಪ್ಪು ಹೆಚ್ಚಾದರೆ ಬಾಯಾರಿಕೆ ಇನ್ನಷ್ಟು. ಫಾಲ್ಗುಣದ ಗಾಳಿ ಒಣಗಾಳಿ, ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಬೆವರುತ್ತಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಮ್ಮೆ ಮೂರ್ನಾಲ್ಕು ಗುಟುಕು ಕುಡಿಯುತ್ತೇನೆ, ಮಕ್ಕಳಿಗೂ ಕುಡಿಸುತ್ತೇನೆ.

ಬೆಟ್ಟದ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಖಚಿತ: ಹೊಸಬರಿಗೆ ಶಿವಗಂಗೆ, ಸಾವನದುರ್ಗವಲ್ಲ. ಮಾಗಡಿ ಕಡೆಯ ಸಾವನದುರ್ಗ 1,226 ಮೀಟರ್, ಎತ್ತರದಲ್ಲಿ ಕಡಿಮೆಯೇ. ಆದರೆ ಹತ್ತುವ ದಾರಿ ಹೆಚ್ಚಿನಂಶ ಬೋಳುಬಂಡೆ, ನೆರಳು ತೀರ ಕಮ್ಮಿ. ಒಂಬತ್ತೂವರೆಯ ಮೇಲೆ ಬಿಸಿಲು ತಲೆಯ ಮೇಲಿನಿಂದಲೂ ಬಂಡೆಯಿಂದಲೂ ಹೊಡೆಯುತ್ತದೆ. ಶಿವಗಂಗೆಯಲ್ಲಿ ಗಂಗಾಧರೇಶ್ವರನ ಗುಡಿ, ಒಳಕಲ್ಲು ತೀರ್ಥ, ಮೇಲಿನ ನಂದಿ ಹೀಗೆ ನಿಲ್ಲುವ ತಾಣಗಳಿವೆ, ಕಡಿದಾದ ಕಡೆ ಹಿಡಿದುಕೊಳ್ಳಲು ಕಂಬಿಯಿದೆ, ಮುಂದಕ್ಕೆ ಹೋಗಲಾರದವರು ತೀರ್ಥದ ಬಳಿಯೇ ಕೂರಬಹುದು. ಶಿವರಾತ್ರಿಯ ದಿನ ಮಾತ್ರ ಬೇಡ, ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಘಟ್ಟದ ಕಡೆ ಹೋಗುವವರು ಕಾಡ್ಗಿಚ್ಚಿನ ಕಾಲಕ್ಕೆ ಅರಣ್ಯ ಇಲಾಖೆ ಕುಮಾರ ಪರ್ವತದಂಥ ಚಾರಣದ ದಾರಿಗಳನ್ನು ಮುಚ್ಚುವುದುಂಟು ಅನ್ನುವುದನ್ನು ನೆನಪಿಟ್ಟುಕೊಂಡು ಮೊದಲೇ ವಿಚಾರಿಸಿಕೊಳ್ಳಿ.

ಈ ಕಾಲದಲ್ಲಿ ಜಾರುವುದು ನೀರಿನಿಂದಲ್ಲ, ಒಣಗಿದ್ದರಿಂದ. ಬಂಡೆಯ ಇಳಿಜಾರಿನಲ್ಲಿ ಸಣ್ಣ ಮರಳು ಕೂತಿದ್ದರೆ ಅದು ರಾಗಿ ಚೆಲ್ಲಿದ ಗಾರೆ ನೆಲವೇ ಸರಿ. ಇಳಿಯುವಾಗ ಹಿಮ್ಮಡಿ ಊರಬೇಡಿ, ಪಾದ ಪೂರ್ತಿ ಊರಿ, ಮೊಣಕಾಲು ಸ್ವಲ್ಪ ಮಡಿಸಿ, ಪುಟ್ಟ ಹೆಜ್ಜೆ ಹಾಕಿ. ಹುಲ್ಲಿನ ಮೇಲೆ ಕಾಲಿಡುವುದಕ್ಕಿಂತ ಬರಿ ಬಂಡೆಯೇ ವಾಸಿ. ಶೂ ಲೇಸನ್ನು ಬೆಟ್ಟದ ತುದಿಯಲ್ಲಿ ಬಿಗಿದು ಮರುಕಟ್ಟದಿದ್ದರೆ ಪಾದ ಮುಂದಕ್ಕೆ ಸರಿದು ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಉಗುರನ್ನು ಎರಡು ದಿನ ಮೊದಲೇ ಕತ್ತರಿಸಿರಬೇಕು. ಸ್ವೆಟರ್ ಬುಡದಲ್ಲೇ ಬಿಚ್ಚಿ; ಬೆವತ ಮೇಲೆ ಬಿಚ್ಚಿದರೆ ತುದಿಯ ಗಾಳಿಗೆ ನಡುಕ ಬರುತ್ತದೆ.

ಹೆಜ್ಜೇನಿನ ವಿಷಯದಲ್ಲಿ ಸಲುಗೆಯೇ ಬೇಡ. ಹೂವಿನ ಕಾಲ ಅಂದರೆ ಅವುಗಳ ಕಾಲ. ಬಂಡೆಯ ಚಾಚಿನಡಿ ದೊಡ್ಡ ಜೇನುಗೂಡು ನೇತಾಡುವುದು ಕಂಡರೆ ಮಾತಿಲ್ಲದೆ ದಾಟಿ. ಸೆಂಟು, ಬೀಡಿ ಸಿಗರೇಟು, ಸ್ಪೀಕರ್ ಮೂರೂ ನಿಷಿದ್ಧ. ಒಂದು ಚುಚ್ಚಿದರೆ ಆ ಜಾಗದ ವಾಸನೆಯೇ ಉಳಿದವನ್ನು ಕರೆಯುತ್ತದೆ, ಹಾಗಾಗಿ ನಿಂತು ಕೈ ಬೀಸದೆ ಬಟ್ಟೆಯಿಂದ ಮುಖ ಮುಚ್ಚಿಕೊಂಡು, ಕಾಲ ಕೆಳಗೆ ನೋಡಿಕೊಂಡು, ದೂರ ಸರಿಯಬೇಕು. ಮುಳ್ಳನ್ನು ಆದಷ್ಟು ಬೇಗ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ ಅಥವಾ ನಾಲಗೆ ಊದಿಕೊಂಡರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಕೋತಿಗಳಿಗೆ ಕೈಯಲ್ಲಿನ ಪ್ಲಾಸ್ಟಿಕ್ ಕವರ್ ಕಂಡರೆ ಸಾಕು. ಬುತ್ತಿಯೆಲ್ಲ ಬೆನ್ನಿನ ಚೀಲದೊಳಗೇ ಇರಲಿ.

ಇಷ್ಟೆಲ್ಲ ಕಟ್ಟುಪಾಡಿಗೆ ಸಿಗುವ ಫಲ ದೊಡ್ಡದು. ಎಲೆಯುದುರಿದ ಮುತ್ತುಗದ ಕೆಂಪು, ಬೂರುಗದ ಹೂವಿಗೆ ಮುತ್ತುವ ಮೈನಾ ಮತ್ತು ಸೂರಕ್ಕಿ, ಅರಳಿಯ ತಾಮ್ರಬಣ್ಣದ ಚಿಗುರು, ಮಾವಿನ ಹೂವಿನ ಘಮ ಇವೆಲ್ಲ ಏಳರಿಂದ ಎಂಟೂವರೆಯೊಳಗೆ ಸಿಕ್ಕಷ್ಟು ಚೆನ್ನಾಗಿ ಮತ್ತೆ ಸಿಗುವುದಿಲ್ಲ. ಬಿಸಿಲೇರಿದ ಮೇಲೆ ಹಕ್ಕಿಗಳು ನೆರಳು ಸೇರುತ್ತವೆ. ಮಕ್ಕಳಿಗೆ ಮರದ ಹೆಸರು ಹೇಳಿಕೊಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಬೆಟ್ಟ ಆಗದ ಹಿರಿಯರಿದ್ದರೆ ಅದೇ ಹೊತ್ತಿಗೆ ಲಾಲ್‌ಬಾಗ್. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಕೆಂಪೇಗೌಡ ಗೋಪುರದವರೆಗೆ ನಿಧಾನಕ್ಕೆ ಹತ್ತಬಹುದು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ನಂತರ ಇನ್ನೊಂದು ಹೂ ಬಿಡುವಂತೆ ನೆಡಿಸಿದ ಜರ್ಮನ್ ತೋಟಗಾರ ಕ್ರುಂಬಿಗಲ್ 1908ರಲ್ಲಿ ಬಂದು ಸೇರಿದ್ದು ಇದೇ ತೋಟಕ್ಕೆ.

ಯುಗಾದಿ ಕಳೆದ ಮೇಲೆ ಮುನ್ಸೂಚನೆಯಲ್ಲಿ ರಾತ್ರಿಯ ಉಷ್ಣಾಂಶ 22 ಡಿಗ್ರಿ ದಾಟಿದರೆ ನಾನು ಬಂಡೆಬೆಟ್ಟ ನಿಲ್ಲಿಸುತ್ತೇನೆ. ಹಿಂದಿನ ದಿನದ ಕಾವು ಆರದ ಬಂಡೆ ಏಳೂವರೆಗೇ ಬಿಸಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬೇರೆ ಶುರುವಾಗುತ್ತದೆ, ಬೋಳು ತುದಿಯಲ್ಲಿ ಸಿಡಿಲಿಗೆ ಮರೆಯಿಲ್ಲ. ಆ ವಾರದಿಂದ ಬೆಟ್ಟದ ಬದಲು ಮರವಿರುವ ಕೆರೆ ಏರಿಯ ಮೇಲೆ ಒಂದೂವರೆ ಗಂಟೆ ನಡಿಗೆ; ಏಳುವ ಹೊತ್ತು ಮಾತ್ರ ಬದಲಾಗುವುದಿಲ್ಲ.